ಅಭಿಮನ್ಯುವಿನ ಕವಚಕ್ಕೆ ಯಾವ ಶೀಟ್?

ಹೊರಗೆ ಮಳೆ ಕೇಳಿಸುತ್ತಿದೆ ಅಲ್ವಾ? ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮಳೆ. ಜೂನ್ ಬಂತೆಂದರೆ ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುತ್ತದೆ. ಈ ಮಳೆಗೂ ಇವತ್ತಿನ ವಿಷಯಕ್ಕೂ ಸಂಬಂಧ ಇದೆ. ಆಮೇಲೆ ಹೇಳುತ್ತೇನೆ.

ಇಲ್ಲಿ ಕಾಣುತ್ತಿರುವುದು ಎದೆಕವಚದ ಅಚ್ಚು, ಪ್ಲಾಸ್ಟರ್‌ನದ್ದು. ಊರಿನ ಮಕ್ಕಳು ಚಕ್ರವ್ಯೂಹದ ನಾಟಕ ಆಡುತ್ತಾರೆ. 14 ಜನರಿಗೆ ಕವಚ, ಭುಜಕೀರ್ತಿ ಆಗಬೇಕು. ನನ್ನ ಸೋದರಮಾವ ಯಕ್ಷಗಾನದ ವೇಷದ ಸಾಮಾನು ಮಾಡುವವರು. ಹಗುರ ಮರ ಕೆತ್ತಿ, ಬೇಗಡೆ, ಕನ್ನಡಿ ಚೂರು ಅಂಟಿಸುತ್ತಾರೆ. ಒಂದೊಂದಕ್ಕೂ ದಿನಗಟ್ಟಲೆ ಕೂರಬೇಕು. ಅಂಥದ್ದನ್ನು ಮಕ್ಕಳ ಎಳೆದಾಟಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಅದಕ್ಕೇ ವ್ಯಾಕ್ಯೂಮ್ ಫಾರ್ಮಿಂಗ್ ಹಿಡಿದೆ.

ಪ್ಲಾಸ್ಟಿಕ್ ಶೀಟನ್ನು ಚೌಕಟ್ಟಿಗೆ ಬಿಗಿದು ಕಾಯಿಸುವುದು. ನಡುವೆ ಜೋಲು ಬಿದ್ದ ಕೂಡಲೇ ಅಚ್ಚಿನ ಮೇಲೆ ಇಳಿಸುವುದು. ಅಚ್ಚಿನ ಸಣ್ಣ ತೂತುಗಳಿಂದ ಗಾಳಿ ಎಳೆದರೆ ಶೀಟ್ ಒದ್ದೆ ಬಟ್ಟೆಯ ಹಾಗೆ ಅಂಟಿ ಕೂರುತ್ತದೆ.

ಮೊದಲು ತಂದದ್ದು ಹಿಪ್ಸ್, ಅಂದರೆ ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್. ಮೊಸರಿನ ಪ್ಲಾಸ್ಟಿಕ್ ಕಪ್ ಅದರಿಂದಲೂ ಮಾಡುತ್ತಾರೆ. ಬೆಲೆ ಕಡಿಮೆ. ಬಿಸಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಕೆಡುವುದಿಲ್ಲ. ಮೊದಲ ಎದೆಕವಚ ಎಷ್ಟು ಚಂದ ಬಂತು ಅಂದರೆ, ಅವತ್ತು ರಾತ್ರಿ ಅದನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ.

ಅಭ್ಯಾಸದ ದಿನ ಒಬ್ಬ ಹುಡುಗ ಧಿಗಿಣ, ಅಂದರೆ ಯಕ್ಷಗಾನದ ಸುತ್ತು ಜಿಗಿತ, ತೆಗೆಯಲು ಹೋಗಿ ಬಿದ್ದ. ಭುಜಕೀರ್ತಿ ಎರಡು ಹೋಳಾಯಿತು. ಒಡೆದ ಅಂಚು ಅವನ ಕುತ್ತಿಗೆಯಿಂದ ಎರಡೇ ಬೆರಳು ದೂರದಲ್ಲಿತ್ತು. ಗಾಯ ಆಗಲಿಲ್ಲ. ಆದರೆ ಆ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಯಾವ ಶೀಟ್ ತಂದರೂ ಮೊದಲು ಒಂದು ತುಂಡು ಮಡಚಿ, ಅದು ಹೇಗೆ ಮುರಿಯುತ್ತದೆ ಅಂತ ನೋಡುತ್ತೇನೆ. ಚೆನ್ನಾಗಿ ಕೂರುತ್ತದಾ ಅನ್ನುವುದು ಆಮೇಲಿನ ಮಾತು. ಹಿಪ್ಸ್ ಈಗ ಅಚ್ಚು ಸರಿಯಿದೆಯಾ ಅಂತ ಪರೀಕ್ಷೆ ಮಾಡಲು ಮಾತ್ರ.

ಮೈಮೇಲೆ ಹಾಕುವುದಕ್ಕೆ ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್. ಇದರಲ್ಲಿ ಬ್ಯೂಟಾಡೈನ್ ರಬ್ಬರ್ ಸೇರಿರುತ್ತದೆ. ಮಡಚಿದರೆ ಬಿಳಿ ಗೆರೆ ಮೂಡಿ ಬಾಗುತ್ತದೆ, ಸುಲಭದಲ್ಲಿ ಚೂರಾಗುವುದಿಲ್ಲ. ಲೆಗೊ ಇಟ್ಟಿಗೆಗಳು 1963ರಿಂದ ಈ ಪ್ಲಾಸ್ಟಿಕ್‌ನವೇ. ಒಳ್ಳೆಯದು ಇನ್ನೊಂದಿದೆ: ಉಳಿದ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿದರೆ ಅದೇ ಅಂಟಾಗುತ್ತದೆ. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು ಮಾಡಿ.

ಈಗ ಮಳೆಯ ವಿಷಯ. ಎಬಿಎಸ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಶೀಟನ್ನು ಹಾಗೇ ಕಾಯಿಸಿದೆ. ಒಳಗಿನ ತೇವ ಆವಿಯಾಗಿ ಮೈತುಂಬ ಗುಳ್ಳೆ ಎದ್ದಿತು, ಸಿಡುಬಿನ ಹಾಗೆ. ಮಂಗಳೂರಿನಿಂದ ರೈಲಲ್ಲಿ ಹೊತ್ತು ತಂದ ಮೂರು ಶೀಟ್ ಹಾಗೇ ಹಾಳಾದವು. ಈಗ ತಗಡಿನ ಪೆಟ್ಟಿಗೆಯಲ್ಲಿ 80 ಡಿಗ್ರಿ ಶಾಖದಲ್ಲಿ ಎರಡು ಮೂರು ಗಂಟೆ ಒಣಗಿಸಿ, ತಣಿಯಲು ಬಿಡದೆ ಚೌಕಟ್ಟಿಗೆ ಹಾಕುತ್ತೇನೆ. ಒಂದು ಗುಳ್ಳೆಯೂ ಇಲ್ಲ, ನೋಡಿ.

ದಪ್ಪ ಎಷ್ಟು ಅಂತ ಕೇಳುತ್ತೀರಿ. ಶೀಟ್ ಹಿಗ್ಗಿದ ಹಾಗೆ ತೆಳ್ಳಗಾಗುತ್ತದೆ. ಹಿಗ್ಗಿ ಅದರ ವಿಸ್ತೀರ್ಣ ಎರಡರಷ್ಟಾದರೆ ದಪ್ಪ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಎದೆಗೆ 2 ಮಿಲಿಮೀಟರ್, ಆಳ ಜಾಸ್ತಿ ಇರುವ ಭುಜಕ್ಕೆ 2.5.

ಪಿವಿಸಿ ನಾನು ಮುಟ್ಟುವುದಿಲ್ಲ. ಕಾವು ಮಿತಿ ಮೀರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಗಂಟಲು ಉರಿಯುತ್ತದೆ. ಪಾರದರ್ಶಕ ತುಂಡು ಬೇಕಾದರೆ ಪಿಇಟಿಜಿ ಅನ್ನುವ ಪ್ಲಾಸ್ಟಿಕ್ ಚೆನ್ನಾಗಿದೆ, ಆದರೆ 80 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ.

ನಿನ್ನೆ ಮಾವ ಬಂದಿದ್ದರು. ಬಣ್ಣ ಹಚ್ಚದ ಕವಚವನ್ನು ಅಂಗೈಯಲ್ಲಿ ಎತ್ತಿ ತೂಕ ನೋಡಿದರು. ಹುಡುಗನಿಗೆ ಹಾಕಿಸಿ, ಬಿಲ್ಲು ಎಳೆಯುವ ಹಾಗೆ ಕೈ ಎತ್ತಲು ಹೇಳಿದರು. "ಕಂಕುಳ ಹತ್ತಿರ ಇನ್ನೊಂದು ಬೆರಳು ತೆಗಿ ಮಾರಾಯ, ತಾಗುತ್ತದೆ" ಎಂದರು. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಪೆಟ್ಟಿಗೆಯಲ್ಲಿ ಐದನೇ ಶೀಟ್ ಒಣಗುತ್ತಿದೆ.