ಟೇಕ್ವಾಂಡೋದಲ್ಲಿ ನಿಲ್ಲೋದು ಅಂದ್ರೆ ಏನು: ಸೊಗಿ, ತುಲ್ ಬಗ್ಗೆ ಒಂದಿಷ್ಟು ಮಾತು

ಎಲ್ರಿಗೂ ನಮಸ್ಕಾರ. ಬೆಲ್ಟ್ ಟೆಸ್ಟ್ ಶುರುವಾಗೋಕೆ ಮುಂಚೆ ಹತ್ತು ನಿಮಿಷ ಮಾತಾಡ್ತೀನಿ ಅಂದಿದ್ದೆ, ಯಾಕಂದ್ರೆ ಪೇರೆಂಟ್ಸ್ ಪ್ರತಿ ಸಲ ಕೇಳೋ ಪ್ರಶ್ನೆ ಒಂದಿದೆ: ಸರ್, ಮೂರು ತಿಂಗ್ಳಾಯ್ತು, ಇನ್ನೂ ಬರೀ ನಿಲ್ಲೋದೇ ಹೇಳ್ಕೊಡ್ತಿದೀರಲ್ಲ, ಕಿಕ್ ಯಾವಾಗ?

ಕೊರಿಯನ್ ಭಾಷೇಲಿ ನಿಲ್ಲೋದಕ್ಕೆ ಸೊಗಿ ಅಂತಾರೆ, ನಾವು ಸ್ಟಾನ್ಸ್ ಅಂತೀವಿ. ಮೊದಲ್ನೇದು ಗುನ್ನುನ್ ಸೊಗಿ, ನಡೆಯೋ ನಿಲುವು. ಒಂದು ಕಾಲು ಮುಂದೆ, ಉದ್ದ ಒಂದೂವರೆ ಭುಜದಷ್ಟು, ಅಗಲ ಒಂದು ಭುಜದಷ್ಟು. ಮುಂದಿನ ಮಂಡಿ ಬಗ್ಗಿ ಹಿಮ್ಮಡಿ ನೇರಕ್ಕೆ ಬರ್ಬೇಕು, ಹಿಂದಿನ ಕಾಲು ನೆಟ್ಟಗೆ, ಭಾರ ಎರಡೂ ಕಾಲಿಗೆ ಸಮ. ಕೇಳೋಕೆ ಸುಲಭ, ಆದ್ರೆ ಆ ಅಗಲ ಇದೆಯಲ್ಲ, ಅದನ್ನೇ ಎಲ್ರೂ ಮರೀತಾರೆ, ಎರಡೂ ಪಾದ ಒಂದೇ ಗೆರೆ ಮೇಲೆ ಇಟ್ಬಿಡ್ತಾರೆ, ಹಗ್ಗದ ಮೇಲೆ ನಿಂತ ಹಾಗೆ. ನಾನೂ ಹಾಗೇ ನಿಲ್ತಿದ್ದೆ. ನನ್ನ ಯೆಲ್ಲೋ ಬೆಲ್ಟ್ ಟೆಸ್ಟಲ್ಲಿ ಸರ್ ಪಕ್ಕಕ್ಕೆ ಬಂದು ಎರಡೇ ಬೆರಳಲ್ಲಿ ಭುಜ ತಳ್ಳಿದ್ರು, ನಾನು ಎರಡು ಹೆಜ್ಜೆ ಆಚೆ ಹೋಗ್ಬಿಟ್ಟೆ. ಪಂಚ್ ಚೆನ್ನಾಗೇ ಹೊಡ್ದಿದ್ದೆ, ಆದ್ರೂ ಫೇಲ್. ಆ ದಿನ ತುಂಬಾ ಅತ್ತಿದ್ದೆ, ಈಗ ಅನ್ಸುತ್ತೆ ಅದಕ್ಕಿಂತ ಒಳ್ಳೆ ಪಾಠ ನಂಗೆ ಯಾರೂ ಹೇಳ್ಕೊಟ್ಟಿಲ್ಲ ಅಂತ.

ಎರಡ್ನೇದು ನಿಉನ್‌ಜಾ ಸೊಗಿ. ನಿಉನ್ ಅನ್ನೋದು ಕೊರಿಯನ್ ಲಿಪಿಯ ಒಂದು ಅಕ್ಷರ, ಇಂಗ್ಲಿಷಿನ ಎಲ್ ಥರಾನೇ ಇರುತ್ತೆ, ಪಾದಗಳೂ ಹಾಗೇ ಕೂರ್ತವೆ. ಇಲ್ಲಿ ಭಾರ ಹಿಂದಿನ ಕಾಲಿಗೆ 70 ಭಾಗ, ಮುಂದಕ್ಕೆ 30, ಹಾಗಾಗಿ ಮುಂದಿನ ಕಾಲು ಹಗುರ, ಥಟ್ ಅಂತ ಎತ್ತಿ ಒದೀಬಹುದು. ಕಿಕ್ ಯಾವಾಗ ಅಂತ ಕೇಳಿದ್ರಲ್ಲ, ಅದು ಇಲ್ಲೇ ಶುರುವಾಗಿರುತ್ತೆ. ಇನ್ನು ಅನ್ನುನ್ ಸೊಗಿ, ಕೂತ ನಿಲುವು. ಭರತನಾಟ್ಯ ಕಲಿಯೋ ಮಕ್ಕಳು ಇದನ್ನ ಅರೆಮಂಡಿ ಅಂದ್ಕೊಂಡು ಪಾದ ಹೊರಗೆ ತಿರುಗಿಸ್ತಾರೆ, ಇಲ್ಲಿ ಪಾದ ಎರಡೂ ನೇರ ಮುಂದಕ್ಕೇ ಇರ್ಬೇಕು ಪುಟ್ಟಾ.

ಈ ನಿಲುವುಗಳನ್ನ ಪೋಣಿಸಿದ್ರೆ ತುಲ್, ಅಂದ್ರೆ ಪ್ಯಾಟರ್ನ್. ಒಲಿಂಪಿಕ್ಸ್ ಕಡೆಯ ಶೈಲಿಯವರು ಪೂಮ್ಸೆ ಅಂತಾರೆ, ಅವರದ್ದು ಬೇರೆ ಸೆಟ್, ನಾನು ನಮ್ಮ ಐಟಿಎಫ್, ಅಂದ್ರೆ ಇಂಟರ್‌ನ್ಯಾಷನಲ್ ಟೇಕ್ವಾಂಡೋ ಫೆಡರೇಶನ್ ಬಗ್ಗೆ ಮಾತ್ರ ಹೇಳ್ತೀನಿ. ಜನರಲ್ ಚೋಯ್ ಹೊಂಗ್ ಹಿ 1966ರಲ್ಲಿ ಕಟ್ಟಿದ ಸಂಸ್ಥೆ ಇದು. ಒಟ್ಟು 24 ತುಲ್, ದಿನಕ್ಕೆ 24 ಗಂಟೆ ಅನ್ನೋ ಲೆಕ್ಕಕ್ಕೆ. ಮೊದಲ್ನೇದು ಚೊನ್-ಜಿ, ಆಕಾಶ ಮತ್ತು ಭೂಮಿ. 19 ಚಲನೆ: ಕೆಳಗೆ ಬ್ಲಾಕ್, ಪಂಚ್ ಅಂತ ನಾಲ್ಕೂ ದಿಕ್ಕಿಗೆ 8, ಆಮೇಲೆ ನಿಉನ್‌ಜಾದಲ್ಲಿ ಮಧ್ಯಕ್ಕೆ ಬ್ಲಾಕ್ ಮಾಡಿ ಪಂಚ್ ಹೊಡೆಯೋದು ಇನ್ನೊಂದು 8, ಕೊನೇಲಿ 3 ಪಂಚ್. ಎಲ್ಲಿ ಶುರು ಮಾಡಿದ್ರೋ ಅಲ್ಲೇ ಬಂದು ನಿಲ್ಬೇಕು. ಒಂದು ಹೆಜ್ಜೆ ಗಿಡ್ಡ ಆದ್ರೂ ವಾಪಸ್ ಬರೋವಾಗ ಜಾಗ ತಪ್ಪುತ್ತೆ, ಬೇರೆ ಯಾರೂ ತಪ್ಪು ತೋರಿಸ್ಬೇಕಾಗಿಲ್ಲ, ನೆಲಾನೇ ತೋರಿಸುತ್ತೆ.

ಮುಂದಿನವು ಹೆಚ್ಚಾಗಿ ಮನುಷ್ಯರ ಹೆಸರಿನವು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು, ಚೋಯ್ ಕೂಡ ಕರಾಟೆ ಕಲಿತಿದ್ದು ಜಪಾನಿನಲ್ಲೇ. ಹಾಗಿದ್ರೂ ಅವರು ತುಲ್‌ಗಳಿಗೆ ಇಟ್ಟ ಹೆಸರು ನೋಡಿ. ಜೂಂಗ್-ಗನ್ ಅಂದ್ರೆ ಆನ್ ಜೂಂಗ್-ಗನ್, 1909ರಲ್ಲಿ ಚೀನಾದ ಹಾರ್ಬಿನ್ ರೈಲ್ವೆ ಸ್ಟೇಷನ್ನಲ್ಲಿ ಜಪಾನಿನ ಮಾಜಿ ಪ್ರಧಾನಿ ಇಟೊ ಹಿರೊಬುಮಿಗೆ ಗುಂಡು ಹೊಡೆದವರು, ಮರುವರ್ಷ ಗಲ್ಲಿಗೇರಿದ್ರು. ಆ ತುಲ್‌ನಲ್ಲಿ 32 ಚಲನೆ, ಕೊರಿಯನ್ ಲೆಕ್ಕದಲ್ಲಿ ಅವರಿಗೆ ಆಗ 32 ವರ್ಷ. ಚೂಂಗ್-ಮೂ ಅಂದ್ರೆ ನೌಕಾಪಡೆಯ ಯಿ ಸುನ್-ಸಿನ್, 1598ರಲ್ಲಿ ಯುದ್ಧದಲ್ಲೇ ತೀರ್ಕೊಂಡ್ರು. ಅದು ಎಡಗೈ ಪಂಚಲ್ಲಿ ಮುಗಿಯುತ್ತೆ, ಅವರ ಶಕ್ತಿ ಪೂರ್ತಿ ತೋರ್ಸೋಕೆ ಆಗ್ಲಿಲ್ಲ ಅನ್ನೋ ದುಃಖಕ್ಕೆ. ಇದನ್ನ ತಿಳ್ಕೊಂಡ ಮೇಲೆ ಆ ಕೊನೇ ಪಂಚ್ ಹೊಡೆಯೋವಾಗ ನನ್ನ ಕೈಗೆ ಬೇರೇನೇ ಭಾರ ಬರುತ್ತೆ, ನಿಜವಾಗ್ಲೂ.

ಸರಿ, ಮಕ್ಕಳು ರೆಡಿ ಇದಾರೆ. ಚೊನ್-ಜಿಯಿಂದ ಶುರು. ಅಪ್ಪ ಅಮ್ಮಂದಿರು ದಯವಿಟ್ಟು ಇವತ್ತು ಕೈ ನೋಡ್ಬೇಡಿ, ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡುತ್ತಾ ನೋಡಿ. ಚಾರ್ಯೊತ್, ಅಂದ್ರೆ ಅಟೆನ್ಷನ್!