ಹೂವಲ್ಲ, ಗಡ್ಡೆ ನೋಡಿ

ಕೇಳುಗರಿಗೆ ನಮಸ್ಕಾರ. ಈರುಳ್ಳಿ, ಬೆಳ್ಳುಳ್ಳಿ ಎಲ್ಲರಿಗೂ ಗೊತ್ತು. ಇವು ಸೇರಿರುವ ಅಲಿಯಮ್ ಕುಲದಲ್ಲಿ ಸುಮಾರು ಸಾವಿರ ಪ್ರಭೇದಗಳಿವೆ. ಮಧ್ಯ ಏಷ್ಯಾದ ಒಣ ಬೆಟ್ಟಗಳು, ನಮ್ಮ ಹಿಮಾಲಯ, ಇವೆಲ್ಲ ಕಾಡು ಈರುಳ್ಳಿಗಳ ನೆಲೆ. ಅಲ್ಲಿ ಹೊಸದನ್ನು ಹುಡುಕುವ ಆಸೆಯಿರುವ ವಿದ್ಯಾರ್ಥಿಗಳಿಗೆ, ಚಾರಣಿಗರಿಗೆ ನನ್ನದು ಒಂದೇ ಮಾತು: ಹೂವಿಗೆ ಮರುಳಾಗಬೇಡಿ, ಗಡ್ಡೆ ನೋಡಿ.

ಉತ್ತರಾಖಂಡದ ಚಮೋಲಿ ಜಿಲ್ಲೆಯ ನೀತಿ ಕಣಿವೆಯಲ್ಲಿ, ಟಿಬೆಟ್ ಗಡಿಯ ಕಡೆಗೆ, ಮಲಾರಿ ಎಂಬ ಹಳ್ಳಿಯಿದೆ. ಆ ಸೀಮೆಯ ಜನ ಒಂದು ಕಾಡು ಈರುಳ್ಳಿಯನ್ನು ಅಡುಗೆಯ ಪರಿಮಳಕ್ಕೆ ಬಳಸುತ್ತಲೇ ಬಂದವರು, ಮನೆಯ ಕೈತೋಟದಲ್ಲೂ ಬೆಳೆದವರು. ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳ ಕಣ್ಣಿಗೆ ಅದು ಬಿದ್ದದ್ದು 2019ರಲ್ಲಿ. 3,000ದಿಂದ 4,800 ಮೀಟರ್ ಎತ್ತರದಲ್ಲಿ, ಹಿಮನದಿಗಳ ಹೊಳೆದಂಡೆಯ ಮರಳುನೆಲದಲ್ಲಿ ಬೆಳೆಯುವ ಗಿಡ. ಪ್ರಜೆವಾಲ್ಸ್ಕಿಯಾನಮ್ ಎಂಬ ಇನ್ನೊಂದು ಈರುಳ್ಳಿಗೆ ತೀರ ಹತ್ತಿರದ ಬಂಧು. ಅದೇ ಇದು ಎಂದು ಚೀಟಿ ಅಂಟಿಸಿ, ಒಣಗಿಸಿಟ್ಟ ಗಿಡಗಳ ಕಪಾಟಿಗೆ ಸೇರಿಸುವುದು ಸುಲಭವಿತ್ತು! ಅವರು ಹಾಗೆ ಮಾಡಲಿಲ್ಲ. ಗಿಡದ ಒಂದೊಂದು ಭಾಗವನ್ನೂ ಹೋಲಿಸಿದರು, ಡಿಎನ್ಎ ಕೂಡ ನೋಡಿದರು. 2021ರಲ್ಲಿ ಅದು ಅಲಿಯಮ್ ನೇಗಿಯಾನಮ್ ಎಂಬ ಹೊಸ ಪ್ರಭೇದವಾಯಿತು. ಹಿಮಾಲಯದ ಈರುಳ್ಳಿಗಳ ಬೆನ್ನು ಹತ್ತಿದ್ದ ಕುಲದೀಪ್ ಸಿಂಗ್ ನೇಗಿಯವರ ನೆನಪಿಗೆ ಆ ಹೆಸರು. ‘ಹೊಸದು’ ನಮಗೆ, ಮಲಾರಿಯ ಅಜ್ಜಿಯರಿಗಲ್ಲ, ಬಿಡಿ.

ಈ ಕಥೆ ಶುರುವಾದರೆ ನನಗೆ ಸಮಯದ ಪರಿವೆ ಇರುವುದಿಲ್ಲ. ಬೇಗ ಹೇಳಿಬಿಡುತ್ತೇನೆ. ಗಡ್ಡೆ ಯಾಕೆ? ಅಡುಗೆ ಈರುಳ್ಳಿಯ ಹೊರಸಿಪ್ಪೆ ಕಾಗದದಂತೆ ತೆಳು. ಪ್ರಜೆವಾಲ್ಸ್ಕಿಯಾನಮ್‌ಗೆ ಕೆಂಪು ನಾರಿನ ಬಲೆ ಹೆಣೆದಿರುತ್ತದೆ. ಇದು ಮಣ್ಣಿನ ಕೆಳಗಿರುವ ಗುರುತು. ಆದರೂ ಜನ ಬರೀ ಹೂಗೊಂಚಲು ಕಿತ್ತು ತಂದು ‘ಸಾರ್, ಇದೇನು?’ ಎನ್ನುತ್ತಾರೆ. ಏನು ಹೇಳಲಿ? ಗಡ್ಡೆ ತನ್ನಿ ಮಾರಾಯರೆ! ಹೂವು ಒಣಗಿದರೆ ಬಣ್ಣ ಕೆಡುತ್ತದೆ, ಕೊಳವೆಯಂಥ ಎಲೆ ಚಪ್ಪಟೆಯಾಗುತ್ತದೆ. ಗಡ್ಡೆ ಮಾತ್ರ ಹಟಮಾರಿ, ಕಾಗದದ ನಡುವೆ ಒತ್ತಿಟ್ಟಲ್ಲೇ ಮೊಳಕೆಯೊಡೆಯುವುದೂ ಉಂಟು.

ಹಾಗೆಂದು ಚೀಲ ತುಂಬ ಅಗೆಯಬೇಡಿ. ಅನುಮತಿ ಪಡೆದು, ಒಂದೆರಡು ಗಿಡ ಬೇರುಸಹಿತ ಎತ್ತಿದರೆ ಸಾಕು. ಹೂವಿನ ಬಣ್ಣವನ್ನು ಅಲ್ಲೇ ಬರೆದಿಡಿ, ಎಲೆಯನ್ನು ಅಡ್ಡ ಕತ್ತರಿಸಿ ಫೋಟೋ ತೆಗೆಯಿರಿ. ನಮಸ್ಕಾರ.