ಅಲಾಯ್ ಸ್ಟೀಲ್ ವೆಲ್ಡಿಂಗ್: ಮೊದಲು ಬಿಸಿ, ಆಮೇಲೆ ರಾಡ್

ನಮಸ್ಕಾರ ಕೇಳುಗರೇ.

ಅಲಾಯ್ ಸ್ಟೀಲ್, ಅಂದರೆ ಬೇರೆ ಲೋಹ ಬೆರೆಸಿದ ಉಕ್ಕಿನ ಶಾಫ್ಟ್ ಮುರಿದಿದೆ, ಬೆಸೆಯಲು ಯಾವ ವೆಲ್ಡಿಂಗ್ ರಾಡ್ ಹಾಕೋಣ ಅಂತ ಬಹಳ ಜನ ಕೇಳುತ್ತಾರೆ. ರಾಡ್ ಹೆಸರು ಹೇಳೋದು ಸುಲಭ. ಆದರೆ ಮೊದಲು ತಿಳಿಯಬೇಕಾದ್ದು ಇದು ಯಾವ ಸ್ಟೀಲ್, ಬೆಸೆದ ಮೇಲೆ ಎಷ್ಟು ಬೇಗ ಆರುತ್ತದೆ ಅನ್ನೋದು.

ಶಾಫ್ಟ್‌ಗೆ ಬಳಸುವ ಇಎನ್ 19 ಅನ್ನೋ ಅಲಾಯ್ ಸ್ಟೀಲ್ ತಗೊಳ್ಳಿ. ಅದರಲ್ಲಿ ಇಂಗಾಲ ಶೇ. 0.4ರ ಆಸುಪಾಸು, ಜೊತೆಗೆ ಕ್ರೋಮಿಯಂ, ಮಾಲಿಬ್ಡಿನಂ. ಆರ್ಕ್, ಅಂದರೆ ರಾಡ್ ತುದಿಯ ವಿದ್ಯುತ್ ಜ್ವಾಲೆ ಹೊಡೆದಾಗ ಬೀಡ್, ಅಂದರೆ ಬೆಸುಗೆಯ ಗೆರೆ ಪಕ್ಕದ ಲೋಹ ಕೆಂಪಗೆ ಕಾಯುತ್ತದೆ, ಸುತ್ತಲಿನ ತಣ್ಣನೆ ಲೋಹ ಆ ಬಿಸಿಯನ್ನು ಗಬಕ್ಕನೆ ಎಳೆದುಕೊಳ್ಳುತ್ತದೆ, ಕಾದ ಉಳಿಯನ್ನು ನೀರಿಗೆ ಅದ್ದಿದ ಹಾಗೇ ಆಗುತ್ತದೆ. ಅಲ್ಲಿ ಹುಟ್ಟೋದು ಮಾರ್ಟೆನ್ಸೈಟ್ ಅನ್ನೋ ಸ್ಟೀಲ್‌ನ ಒಂದು ರೂಪ. ತುಂಬಾ ಗಟ್ಟಿ, ಆದರೆ ಪೆಡಸು. ಅದರೊಳಗೆ ಹೈಡ್ರೋಜನ್ ಸೇರಿಕೊಂಡು, ಮೇಲಿಂದ ಎಳೆತವೂ ಬಿದ್ದರೆ ಬಿರುಕು ಖಂಡಿತ.

ಅಪಾಯ ಎಷ್ಟು ಅಂತ ಅಂದಾಜು ಮಾಡೋಕೆ ಒಂದು ಲೆಕ್ಕ ಇದೆ, ಬರೆದುಕೊಳ್ಳಿ. ಇಂಗಾಲದ ಶೇಕಡಾ ಪ್ರಮಾಣಕ್ಕೆ ಮ್ಯಾಂಗನೀಸ್‌ನ 6ನೇ ಒಂದು ಭಾಗ ಕೂಡಿಸಿ. ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂ ಮೂರರ ಮೊತ್ತದ 5ನೇ ಒಂದು ಭಾಗ, ನಿಕಲ್ ಮತ್ತು ತಾಮ್ರದ ಮೊತ್ತದ 15ನೇ ಒಂದು ಭಾಗವನ್ನೂ ಸೇರಿಸಿ. ಉತ್ತರ 0.4ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಇಎನ್ 19ಕ್ಕೆ ಇದು 0.7 ದಾಟುತ್ತದೆ. ಅಂದರೆ ತಣ್ಣಗಿರುವಾಗ ಅದರ ಮೇಲೆ ಆರ್ಕ್ ಹೊಡೆಯಲೇಬಾರದು.

200ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಟಾರ್ಚ್ ಹಿಡಿದು ಮೇಲ್ಮೈಯನ್ನಷ್ಟೇ ಸುಮ್ನೆ ಬಿಸಿ ಮಾಡಿದರೆ ಸಾಲದು, ಒಳಗಿನವರೆಗೂ ಬಿಸಿ ಇಳಿಯಬೇಕು. ಗೊತ್ತಾದ ಬಿಸಿಗೆ ಕರಗುವ ಟೆಂಪರೇಚರ್ ಚಾಕ್‌ನಲ್ಲಿ ಜಾಯಿಂಟ್‌ನಿಂದ 75 ಮಿಲಿಮೀಟರ್ ದೂರದಲ್ಲಿ ಗೆರೆ ಎಳೆದು ನೋಡಿ, ಅಲ್ಲಿ ಕರಗಿದರೆ ಸರಿ. ಕೆಲಸ ಮುಗಿಯೋವರೆಗೂ ಈ ಬಿಸಿ ಇಳಿಯದಂತೆ ನೋಡಿಕೊಳ್ಳಿ.

ಈಗ ರಾಡ್. ಲೋ ಹೈಡ್ರೋಜನ್, ಅಂದರೆ ಬೆಸುಗೆಗೆ ಹೈಡ್ರೋಜನ್ ಕಡಿಮೆ ಸೇರಿಸುವ ರಾಡ್ ಬಿಟ್ಟು ಬೇರೆ ಯೋಚನೆ ಬೇಡ. ಶಾಫ್ಟ್ ರಿಪೇರಿಗೆ ಎಷ್ಟೋ ಸಲ ಆ ಜಾತಿಯ ಇ 7018 ಸಾಕು. ಬೀಡ್ ಸ್ವಲ್ಪ ಮೆತ್ತಗಿದ್ದರೆ ಎಳೆತಕ್ಕೆ ಬಗ್ಗುತ್ತದೆ, ಸೀಳುವುದಿಲ್ಲ. ಸ್ಟೀಲ್‌ನಷ್ಟೇ ಬಲ ಬೇಕು ಅನ್ನೋ ಕಡೆ ಮಾತ್ರ ಜಾಸ್ತಿ ಬಲದ ರಾಡ್ ಹುಡುಕಿ. ಬಾಯ್ಲರ್ ಪೈಪಿನ ಕಥೆಯೇ ಬೇರೆ, ಅದು ವರ್ಷಗಟ್ಟಲೆ ಬಿಸಿಯಲ್ಲೇ ದುಡಿಯಬೇಕಲ್ವಾ, ಹಾಗಾಗಿ ರಾಡ್‌ನ ಮಿಶ್ರಣವೂ ಪೈಪಿಗೆ ಹೊಂದಬೇಕು. ಶೇಕಡಾ ಒಂದೂಕಾಲು ಕ್ರೋಮಿಯಂ, ಅರ್ಧ ಮಾಲಿಬ್ಡಿನಂ ಇರುವ ಪೈಪಿಗೆ ಇ 8018-ಬಿ2, ಶೇಕಡಾ ಎರಡೂಕಾಲು ಕ್ರೋಮಿಯಂ, ಒಂದು ಮಾಲಿಬ್ಡಿನಂ ಇರುವ ಪೈಪಿಗೆ ಇ 9018-ಬಿ3.

ಪೆಟ್ಟಿಗೆ ಒಡೆದು ಮೂಲೆಯಲ್ಲಿ ಬಿದ್ದ 7018 ನೋಡಿದರೆ ನನಗೆ ಸಂಕಟ ಆಗುತ್ತದೆ. ಅದರ ಲೇಪನ ಗಾಳಿಯ ತೇವ ಹೀರುತ್ತದೆ. ಆರ್ಕ್‌ನಲ್ಲಿ ಆ ತೇವವೇ ಒಡೆದು ಹೈಡ್ರೋಜನ್ ಆಗುತ್ತದೆ, ಆಮೇಲೆ ಲೋ ಹೈಡ್ರೋಜನ್ ಅನ್ನೋ ಹೆಸರಿಗೆ ಅರ್ಥವೇ ಇಲ್ಲ. 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಓವನ್‌ನಲ್ಲಿ ಒಣಗಿಸಿ, ಪೆಟ್ಟಿಗೆಯ ಮೇಲೆ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಆಮೇಲೆ 120 ಡಿಗ್ರಿ ಮೀರಿದ ಬಿಸಿಯಲ್ಲೇ ಇಟ್ಟು, ಬೇಕಾದಷ್ಟನ್ನೇ ಹೊರತೆಗೆಯಿರಿ.

ಕೊನೆಯ ಬೀಡ್ ಎಳೆದ ತಕ್ಷಣ ಎದ್ದು ಹೋಗಬೇಡಿ. ಅದೇ ಬಿಸಿಯನ್ನು ಇನ್ನೂ ಒಂದೆರಡು ಗಂಟೆ ಹಿಡಿದಿಟ್ಟರೆ ಹೈಡ್ರೋಜನ್ ಹೊರಗೆ ಹೋಗುತ್ತದೆ. ಆಮೇಲೆ ಸೆರಾಮಿಕ್ ಹೊದಿಕೆ ಸುತ್ತಿ ನಿಧಾನ ಆರಲು ಬಿಡಿ. ನೀರು, ಫ್ಯಾನ್ ಹತ್ತಿರಕ್ಕೂ ಬೇಡ. ಪೂರ್ತಿ ಹದ ಬೇಕಿದ್ದರೆ 600 ಡಿಗ್ರಿಯ ಆಸುಪಾಸಿನಲ್ಲಿ, ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆಯಂತೆ ಇಡಬೇಕು. ಆ ಭಾಗಕ್ಕೆ ಮೊದಲೇ ಟೆಂಪರಿಂಗ್, ಅಂದರೆ ಗಟ್ಟಿ ಮಾಡಿದ ಸ್ಟೀಲ್‌ನ ಪೆಡಸು ಇಳಿಸಲು ಮತ್ತೆ ಕಾಯಿಸೋ ಕೆಲಸ ಆಗಿದ್ದರೆ, ಅದನ್ನು ಟೆಂಪರಿಂಗ್ ಮಾಡಿದ ಡಿಗ್ರಿಯನ್ನು ಮಾತ್ರ ಮುಟ್ಟಬಾರದು, ಅದಕ್ಕಿಂತ 30 ಡಿಗ್ರಿ ಕೆಳಗೇ ನಿಲ್ಲಿಸಿ. ಇಲ್ಲದಿದ್ದರೆ ಶಾಫ್ಟೇ ಮೆತ್ತಗಾಗುತ್ತದೆ.

ಹೈಡ್ರೋಜನ್ ಬಿರುಕು ಅವತ್ತೇ ಕಾಣಲೇಬೇಕು ಅಂತಿಲ್ಲ, ಒಂದೆರಡು ದಿನ ಬಿಟ್ಟೂ ಬಾಯಿ ಬಿಡಬಹುದು. ಅದಕ್ಕೇ 48 ಗಂಟೆ ಕಾದು ಡೈ ಪರೀಕ್ಷೆ, ಅಂದರೆ ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ ಹಚ್ಚಿ ನೋಡುವ ಪರೀಕ್ಷೆ ಮಾಡಿ, ಬೀಡ್ ಅಂಚಿನ ಉದ್ದಕ್ಕೂ ನೋಡಿ. ಕೆಂಪು ಗೆರೆ ಕಂಡರೆ ಮೇಲೆ ಇನ್ನೊಂದು ಬೀಡ್ ಎಳೆದು ಮುಚ್ಚಬೇಡಿ. ಬಿರುಕನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆದು, ಮತ್ತೆ ಕಾಯಿಸುವುದರಿಂದಲೇ ಶುರು ಮಾಡಿ.